ಗಿಟಾರು, ಖಂಜಿರ, ಐದು ಭಾಷೆ, ಮತ್ತೆ ನಮ್ಮಮ್ಮನ ಬೀಸೋ ಕಲ್ಲು

ಮೊದ್ಲೇ ಹೇಳ್ಬಿಡ್ತೀನಿ, ನಾನು ಸಂಗೀತ ಕಲ್ತೋನಲ್ಲ, ಕೋಲಾರದ ಎಪಿಎಂಸಿ ಟೊಮ್ಯಾಟೊ ಮಂಡೀಲಿ ಲೆಕ್ಕ ಬರ್ಕೊಂಡಿರೋನು. ಆದ್ರೆ ಒಂದು ಹಾಡಿನ ಪ್ರೋಗ್ರಾಂಗೆ ತಲೆಗೆ 300 ರೂಪಾಯಿ ಟಿಕೆಟ್ ಕೊಟ್ಟು, ನಮ್ಮಮ್ಮನ್ನೂ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೋಗಿ, ಜನವರಿ ಚಳೀಲಿ ಪ್ಲಾಸ್ಟಿಕ್ ಚೇರ್ ಮೇಲೆ ಮೂರು ಗಂಟೆ ಕೂತು ಬಂದಿದೀನಿ ಅಂದ್ಮೇಲೆ ನಾಲ್ಕು ಮಾತು ಬರೆಯೋಕೆ ಹಕ್ಕೈತೆ ಅನ್ಕೊಂಡಿದೀನಿ. ತಂಡದ ಹೆಸ್ರು ಹಾಕ್ತಿಲ್ಲ. ಹೊಗಳೋದರ ಜೊತೆ ಬೈಯೋದೂ ಐತೆ, ಇನ್ನೂ ಬೆಳೀಬೇಕಾದ ಹುಡುಗ್ರು, ಹೆಸ್ರು ಹಾಕಿ ಯಾಕೆ ಅವ್ರ ಹೊಟ್ಟೆ ಮೇಲೆ ಹೊಡೀಲಿ. ಗೊತ್ತಿರೋರಿಗೆ ಗೊತ್ತಾಗುತ್ತೆ ಬಿಡಿ.

ಬೆಂಗ್ಳೂರಿಂದ ಬಂದಿದ್ದ ಐದು ಜನ. ಕೀಬೋರ್ಡ್ ಇಲ್ಲ, ರಿದಂ ಪ್ಯಾಡ್ ಇಲ್ಲ, ಕರೆಂಟಲ್ಲಿ ನುಡಿಯೋ ಸಾಮಾನು ಒಂದೂ ಇಲ್ಲ, ಅಕೌಸ್ಟಿಕ್ ಅಂತಾರಲ್ಲ, ಅದು. ಒಬ್ಬ ಗಿಟಾರು, ಒಬ್ಬ ಕೊಳಲು, ಒಬ್ಬ ಖಂಜಿರ (ಕೈಲಿ ಹಿಡ್ಕೊಂಡು ಬಡಿಯೋ ಚಿಕ್ಕ ಚರ್ಮವಾದ್ಯ) ಮತ್ತೆ ಕಹೋನ್ ಎರಡೂ (ಕಹೋನ್ ಅಂದ್ರೆ ಆ ಮರದ ಡಬ್ಬ ಕಣ್ರಿ, ಅದ್ರ ಮೇಲೇ ಕೂತ್ಕೊಂಡು ಎದುರುಗಡೆ ಹಲಗೆ ಬಡೀತಾರಲ್ಲ, ಪೆರು ದೇಶದ್ದು), ಒಬ್ಬ ಹುಡ್ಗಿ ಏಕತಾರಿ ಹಿಡ್ಕೊಂಡು ಹಾಡೋಳು, ಇನ್ನೊಬ್ಬ ಪದ್ಯ ಓದೋನು. ಪದ್ಯ ಓದ್ತಾ ಓದ್ತಾ ಅದೇ ಹಾಡಾಗುತ್ತೆ, ಹಾಡ್ತಾ ಹಾಡ್ತಾ ಇನ್ನೊಂದು ಭಾಷೆಯ ಪದ್ಯ ಬಂದು ಸೇರ್ಕೊಳ್ಳುತ್ತೆ, ಇದು ಅವ್ರ ಪ್ಲಾನು. ಕನ್ನಡ, ತೆಲುಗು, ತಮಿಳು, ಹಿಂದಿ, ದಖನಿ ಉರ್ದು, ಐದು ಭಾಷೆ. ಜಾಗ ಅಂತರಗಂಗೆ ಬೆಟ್ಟದ ಕಡೆ ಹೋಗೋ ರೋಡಲ್ಲಿ ಒಬ್ರ ತೋಟದ ಮನೆ ಅಂಗಳ, ಹಿಂದೆ ಬಂಡೆಗಳು, ಹುಣಸೆ ಮರಕ್ಕೆ ಕಟ್ಟಿದ ನಾಲ್ಕು ಹಳದಿ ಬಲ್ಬು. ಜಾಗಕ್ಕೆ ಮಾತ್ರ 5ಕ್ಕೆ 5.

ಆರು ಗಂಟೆಗೆ ಶುರು ಅಂದಿದ್ರು, ಶುರುವಾಗಿದ್ದು 6.50ಕ್ಕೆ. ನರಸಾಪುರ ಇಂಡಸ್ಟ್ರಿಯಲ್ ಏರಿಯಾ ಹತ್ರ ಶಿಫ್ಟ್ ಬಸ್ಸುಗಳ ಮಧ್ಯ ಸಿಕ್ಹಾಕ್ಕೊಂಡ್ವಿ ಅಂದ್ರು. ಸರಿ, ಆ ಹೊತ್ತಲ್ಲಿ ಅಲ್ಲಿ ಯಾರ್ ಸಿಕ್ಹಾಕ್ಕೊಳಲ್ಲ ಹೇಳಿ, ಆದ್ರೆ ಬೆಂಗ್ಳೂರಿಂದ ಬರೋರು ಒಂದು ಗಂಟೆ ಮುಂಚೆ ಹೊರಡೋದನ್ನ ಯಾವಾಗ ಕಲೀತಾರೋ.

ಮೊದಲ್ನೇ ಅರ್ಧ ಗಂಟೆ ನಂಗೆ ಸಿಟ್ಟು ಬಂತು, ಯಾಕೆ ಅಂತ ಹೇಳ್ಬೇಕು. ಪದ್ಯ ಓದೋ ಹುಡುಗ ಮೈಕ್ ಹಿಡ್ದ, ಬಿಡ್ಲೇ ಇಲ್ಲ. ಭಾಷೆಗಳ ಮಧ್ಯ ಗೋಡೆ ಐತಂತೆ, ಇವ್ರು ಸೇತುವೆ ಕಟ್ತಾರಂತೆ, ಒಂದು ಭಾಷೆಯೋರು ಇನ್ನೊಂದು ಭಾಷೇನ ಹೃದಯದಿಂದ ಕೇಳ್ಬೇಕಂತೆ. ಅಲ್ಲಪ್ಪಾ, ನೀನು ನಿಂತಿರೋದು ಕೋಲಾರದಲ್ಲಿ! ನಮ್ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ನಮ್ಮ ಬೀದಿ ಕೊನೇಲಿ ಉರ್ದು, ಕೆಜಿಎಫ್ ಬಸ್ ಹತ್ತಿದ್ರೆ ತಮಿಳು. ಮಂಡೀಲಿ ಹರಾಜು ಕೂಗೋನು 15 ಕೇಜಿ ಬಾಕ್ಸ್‌ಗೆ ರೇಟು ಏರಿಸೋವಾಗ ಒಂದೇ ಉಸ್ರಲ್ಲಿ ಮೂರು ಭಾಷೆ ಹಾಯ್ದು ಹೋಗ್ತಾನೆ, ಹೊರರಾಜ್ಯದಿಂದ ಬಂದಿರೋನು ಹಿಂದೀಲಿ ಚೌಕಾಸಿ ಮಾಡ್ತಾನೆ, ಯಾರಿಗೂ ಅನುವಾದ ಬೇಕಾಗಲ್ಲ, ದುಡ್ಡು ಸರಿಯಾಗೇ ಕೈ ಬದ್ಲಾಗುತ್ತೆ. ಮನೇಲಿ ತಮಿಳು ಮಾತಾಡ್ಕೊಂಡು ಕನ್ನಡದಲ್ಲಿ ಬರ್ದು 1983ರಲ್ಲಿ ಜ್ಞಾನಪೀಠ ತಗೊಂಡ ಮಾಸ್ತಿಯೋರು ಇಲ್ಲೇ ಪಕ್ಕದ ಮಾಲೂರು ತಾಲ್ಲೂಕಿನೋರು. ಇಲ್ಲಿಗೆ ಬಂದು ಬಹುಭಾಷೆ ಬಗ್ಗೆ ಪಾಠ ಹೇಳೋದು ಅಂದ್ರೆ ಮೀನಿಗೆ ಈಜು ಕಲಿಸ್ದಂಗೆ. ಹಾಡಿಗೆ ಬಂದಿದೀವಿ, ಹಾಡ್ರಪ್ಪ.

ಎರಡು ಹಾಡಿನ ಮಧ್ಯ ಸರಾಸರಿ ಐದಾರು ನಿಮಿಷ ಮಾತು. ನನ್ ಹಿಂದೆ ಕೂತಿದ್ದ ಮಂಡಿ ಹುಡುಗ್ರಿಬ್ರು ಆಗ್ಲೇ ಎದ್ದು ಟೀ ಕಡೆ ಹೋಗ್ಬಿಟ್ರು. ಅವ್ರನ್ನ ಕರ್ಕೊಂಡ್ ಬಂದೋನು ನಾನೇ, ನಂಗೇ ಒಂಥರಾ ಆಯ್ತು.

ಹಾಡಿಗೆ ಬರ್ತೀನಿ. ಮೊದ್ಲು ಶಿಶುನಾಳ ಶರೀಫರ ಒಂದು ತತ್ವಪದ, ಅದಕ್ಕೆ ಕಬೀರರ ದೋಹೆ ಸೇರಿಸಿದ್ರು. ಇದು ಈಗ ಎಲ್ಲಾ ತಂಡದೋರೂ ಮಾಡೋದೇ, ಚೆನ್ನಾಗಿತ್ತು, ಹೊಸದೇನಿರ್ಲಿಲ್ಲ. ಕೊಳಲಿನೋನು ಮಾತ್ರ ಒಳ್ಳೆ ಕೆಲಸಗಾರ, ಎಲ್ಲಿ ಊದಬಾರ್ದು ಅಂತ ಗೊತ್ತಿರೋನು.

ಆಮೇಲೆ ಕೈವಾರ ತಾತಯ್ಯನೋರ ತೆಲುಗು ಕೀರ್ತನೆ. ಇಲ್ಲಿ ಸ್ವಲ್ಪ ನಿಂತ್ಕೊಂಡು ಹೇಳ್ಬೇಕು. ತಾತಯ್ಯನೋರು ಅಂದ್ರೆ ನಮ್ ಕಡೆಯೋರಿಗೆ ಸುಮ್ನೆ ಒಬ್ಬ ಕವಿ ಅಲ್ಲ. ಬಳೆ ಮಾರ್ಕೊಂಡಿದ್ದೋರು ಯೋಗಿಯಾದ್ರು ಅಂತ ಕತೆ ಕೇಳ್ಕೊಂಡೇ ಬೆಳ್ದಿದೀವಿ. ತೆಲುಗಲ್ಲೂ ಬರ್ದವ್ರೆ, ಕನ್ನಡದಲ್ಲೂ ಬರ್ದವ್ರೆ, ಅವ್ರೇನೂ ಗೋಡೆ ಸೇತುವೆ ಅಂತ ತಲೆ ಕೆಡಿಸ್ಕೊಂಡಿಲ್ಲ, ಎದುರಿಗೆ ಕೂತಿರೋನಿಗೆ ಯಾವ್ದು ಅರ್ಥವಾಗುತ್ತೋ ಅದ್ರಲ್ಲಿ ಹೇಳಿದ್ರು ಅಷ್ಟೇ. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆ ಚಿಂತಾಮಣಿ ತಾಲ್ಲೂಕು, 2007ರಲ್ಲಿ ಜಿಲ್ಲೆ ಒಡೆಯೋ ತನಕ ನಮ್ದೇ. ಗುರುಪೂರ್ಣಿಮೆಗೆ ಅಲ್ಲಿ ಹಗಲೂ ರಾತ್ರಿ ಬಿಡದಂಗೆ ಸಂಗೀತ ನಡೆಯುತ್ತೆ, ನಮ್ಮಮ್ಮ ಚಿಕ್ಕೋಳಿದ್ದಾಗಿಂದ್ಲೂ ಊರ ಭಜನೆ ಗುಂಪಲ್ಲಿ ತಾಳ ಹಾಕಿರೋಳು. ಆ ಪದಗಳನ್ನ ಹಾರ್ಮೋನಿಯಂ, ತಾಳ, ಢೋಲಕ್ಕು, ಹತ್ತು ಹದಿನೈದು ಒಡೆದ ಗಂಟಲು, ಹಿಂಗೇ ಕೇಳಿ ಅಭ್ಯಾಸ ನಮ್ಗೆ.

ಇವ್ರು ಏನ್ ಮಾಡಿದ್ರು ಅಂದ್ರೆ ಅದಕ್ಕೆ ಗಿಟಾರಲ್ಲಿ ನಾಲ್ಕು ಕಾರ್ಡ್ (ಕಾರ್ಡ್ ಅಂದ್ರೆ ಮೂರ್ನಾಲ್ಕು ಸ್ವರ ಒಟ್ಟಿಗೇ ನುಡಿಸೋದು) ಸುತ್ತಿಸಿದ್ರು. ಅದೇ ನಾಲ್ಕು, ಸುತ್ತಿ ಸುತ್ತಿ. ಹಾಡಿನ ದಾಟಿ ಒಂದು ಸ್ವರದ ಮೇಲೆ ನಿಂತ್ಕೊಂಡು ಯೋಚ್ನೆ ಮಾಡೋ ಥರದ್ದು, ಕೆಳಗೆ ಕಾರ್ಡು ಮಾತ್ರ ಎರಡು ಸೆಕೆಂಡಿಗೊಂದ್ಸಲ ಬದ್ಲಾಗ್ತಾ ಇರುತ್ತೆ, ಹಾಡೋಳು ನಿಲ್ಬೇಕು ಅಂತಿದ್ರೂ ಗಿಟಾರು ನಿಲ್ಲಕ್ಕೆ ಬಿಡ್ತಿಲ್ಲ. ಗೃಹಸಾಲದ ಜಾಹೀರಾತಿನ ಹಾಡು ಕೇಳ್ದಂಗಾಯ್ತು. ಸಾಯೋ ವಿಷ್ಯ ಹೇಳೋ ಪದಕ್ಕೆ ಅಷ್ಟು ಖುಷಿ ಯಾಕೆ ಅಂತ. ಇದೇ ಗಿಟಾರು ಹುಡುಗ ಆಮೇಲೆ ತಮಿಳು ಹಾಡಿಗೆ ಬರೀ ಕೆಳಗಿನ ಎರಡು ತಂತಿ ಮೀಟ್ಕೊಂಡು ತಂಬೂರಿ ಥರ ಬಿಟ್ಟ, ಎಷ್ಟು ಚೆನ್ನಾಗಿತ್ತು ಅಂದ್ರೆ, ಅದನ್ನೇ ಇಲ್ಲೂ ಮಾಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು ಮಾರಾಯ ಅನ್ನಿಸ್ತು. ಗೊತ್ತಿಲ್ದೆ ಮಾಡಿದ್ದಲ್ಲ ಅದು, ಜನಕ್ಕೆ ಬೇಜಾರಾಗುತ್ತೆ ಅನ್ನೋ ಭಯ. ಅಮ್ಮ ಆ ಹಾಡಿಗೆ ತಾಳ ಹಾಕೋಕೆ ಕೈ ಎತ್ತಿದ್ಲು, ಎರಡು ಸಾಲಾದ್ಮೇಲೆ ಕೈ ಮಡಿಲಿಗೆ ಇಟ್ಕೊಂಡ್ಬಿಟ್ಲು.

ತಮಿಳಿನ ಬಗ್ಗೆ ಒಂದು ಮಾತು. ನಮ್ಮ ಪಕ್ಕದ ಸಾಲಲ್ಲಿ ಕೆಜಿಎಫ್‌ನಿಂದ ಬಂದಿದ್ದ ಒಬ್ರು ಯಜಮಾನ್ರು ಕೂತಿದ್ರು, 2001ರಲ್ಲಿ ಗಣಿ ಮುಚ್ಚೋ ತನಕ ಅಲ್ಲೇ ಕೆಲಸದಲ್ಲಿದ್ರಂತೆ. ಆ ತಮಿಳಲ್ಲಿ ಒಂದು ಅಕ್ಷರ ಐತಲ್ಲ, ನಾಲಿಗೆ ಹಿಂದಕ್ಕೆ ಮಡಿಚಿ ಳ ಮತ್ತೆ ರ ಮಧ್ಯ ಎಲ್ಲೋ ತಗಲಿಸೋದು, ಹಳಗನ್ನಡದಲ್ಲಿ ನಮ್ಗೂ ಇತ್ತು ಅದು, ೞ ಅಂತ ಬರೀತಿದ್ರು, ನಾವು ಕಳ್ಕೊಂಡ್ಬಿಟ್ವಿ, ಅವ್ರು ಉಳಿಸ್ಕೊಂಡವ್ರೆ. ಹಾಡೋ ಹುಡ್ಗಿ ಕನ್ನಡದೋಳು, ಮೂರ್ನಾಲ್ಕು ಕಡೆ ಬರೀ ಳ ಅಂದ್ಬಿಟ್ಲು. ಯಜಮಾನ್ರು ಒಂದೊಂದ್ ಸಲಾನೂ ಕಣ್ಮುಚ್ಕೊಂಡು ಸರಿಯಾದ್ದನ್ನ ತಮ್ಮಷ್ಟಕ್ಕೆ ತಾವೇ ಹೇಳ್ಕೊಳ್ಳೋರು. ಕೊನೇಲಿ ಚಪ್ಪಾಳೆ ಮಾತ್ರ ಎಲ್ಲರಿಗಿಂತ ಜೋರಾಗಿ ತಟ್ಟಿದ್ರು. ದಖನಿ, ಹಿಂದಿ ಎರಡೂ ಓದೋ ಹುಡುಗನ ಬಾಯಲ್ಲಿ ಸರಿಯಾಗಿತ್ತು, ಅವ್ನ ಮನೆ ಮಾತಂತೆ.

ಎಂಟು ಗಂಟೆ ಹೊತ್ತಿಗೆ ಇಬ್ಬನಿ ಬೀಳೋಕೆ ಶುರು ಆಯ್ತು, ಖಂಜಿರದ ಗತಿ ಕೆಟ್ಟೋಯ್ತು. ಅದು ಹಿಂದೆಲ್ಲ ಉಡದ ಚರ್ಮದಲ್ಲಿ ಮಾಡ್ತಿದ್ರು, ಈಗ ಉಡ ಹಿಡಿಯಂಗಿಲ್ವಲ್ಲ ಕಾನೂನು, ಮೇಕೆ ಚರ್ಮದ್ದೋ ಸಿಂಥೆಟಿಕ್ಕೋ ಬಂದೈತೆ. ಇವ್ನದ್ದು ಚರ್ಮದ್ದೇ. ಖಂಜಿರಕ್ಕೆ ಶ್ರುತಿ ಇಳಿಸ್ಬೇಕು ಅಂದ್ರೆ ಒಳಗಡೆ ನೀರು ಚಿಮುಕಿಸ್ತಾರೆ, ಇಲ್ಲಿ ದೇವ್ರೇ ನೀರು ಚಿಮುಕಿಸ್ಬಿಟ್ಟಿದ್ದ, ಹೊಡೆದ್ರೆ ಒದ್ದೆ ರಟ್ಟಿನ ಡಬ್ಬ ತಟ್ಟಿದಂಗೆ ಬೊತ್ ಬೊತ್. ಆ ಹುಡುಗ ಎದ್ದ, ಸೀದಾ ಟೀ ಮಾಡ್ತಿದ್ದ ಸ್ಟವ್ ಹತ್ರ ಹೋಗಿ ಖಂಜಿರ ಕಾಯಿಸ್ಕೊಂಡು ಬಂದ. ಜಾತ್ರೇಲಿ ತಮಟೆಯೋರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಾರಲ್ಲ, ಥೇಟ್ ಹಂಗೇ. ಜನಕ್ಕೆಲ್ಲ ಖುಷಿಯಾಗಿ ಅಲ್ಲೇ ಚಪ್ಪಾಳೆ. ಟೀ ಕಡೆ ಹೋಗಿದ್ದ ಮಂಡಿ ಹುಡುಗ್ರೂ ಅವ್ನ ಹಿಂದೇನೇ ವಾಪಸ್ ಬಂದ್ರು, ಕಾಯಿಸಕ್ಕೆ ನಾವೇ ಹಿಡ್ಕೊಂಡಿದ್ವಿ ಅಂತ ಈಗ್ಲೂ ಹೇಳ್ಕೊಂಡು ತಿರುಗ್ತಾವ್ರೆ.

ಆ ಗಲಾಟೇಲಿ ಓದೋ ಹುಡುಗನಿಗೆ ಭಾಷಣ ಮರ್ತೋಯ್ತು ಅನ್ಸುತ್ತೆ. ಏನೂ ಪೀಠಿಕೆ ಇಲ್ದೆ ಹುಡ್ಗಿ ಏಕತಾರಿ ಕೆಳಗಿಟ್ಟು ರಾಗಿ ಬೀಸೋ ಪದ ಎತ್ಕೊಂಡ್ಲು.

ನಾನು ಇದನ್ನ ಬರೀತಿರೋದೇ ಈ ಹತ್ತು ನಿಮಿಷಕ್ಕೋಸ್ಕರ.

ಬೀಸೋ ಪದ ತ್ರಿಪದಿ, ಬರ್ದ್ರೆ ಮೂರು ಸಾಲು, ಹಾಡೋವಾಗ ಎರಡನೇ ಸಾಲಿನ ಮಾತು ತಿರ್ಗಾ ಬಂದು ನಾಲ್ಕಾಗುತ್ತೆ. ಕಲ್ಲು ಒಂದು ಸುತ್ತು ಹೋಗಿ ಬಂದಂಗೆ ಮಾತೂ ಹೋಗಿ ಬರುತ್ತೆ. ಅವ್ಳು ಮೂರು ಪದ ಹಾಡಿದ್ಲು, ನಾಲ್ಕನೇದಕ್ಕೆ ಓದೋ ಹುಡುಗ ಅದೇ ಲಯದಲ್ಲಿ ದಖನೀಲಿ ಶುರು ಮಾಡ್ದ. ಚಕ್ಕಿನಾಮಾ ಅಂತ, ಅಂದ್ರೆ ಅದೂ ಬೀಸೋ ಪದಾನೇ. ಬಿಜಾಪುರದ ಸೂಫಿಗಳು ಹೆಂಗಸ್ರು ಬೀಸೋವಾಗ ಹಾಡ್ಕೊಳ್ಲಿ ಅಂತ ಕಟ್ಟಿದ್ದು, ಬೀಸೋ ಕಲ್ಲಿನ ಗೂಟ ಉರ್ದು ಲಿಪಿಯ ಮೊದಲ್ನೇ ಅಕ್ಷರ ಅಲಿಫ್ ಥರ ನೆಟ್ಟಗೆ ನಿಂತೈತೆ, ಅದು ದೇವ್ರು ಅಂತೆಲ್ಲ ಬರುತ್ತೆ ಅದ್ರಲ್ಲಿ. ನಮ್ ಪದದಲ್ಲಿ ರಾಗಿಕಲ್ಲಿಗೆ ಶರಣು, ಅವ್ರ ಪದದಲ್ಲಿ ಗೂಟಾನೇ ಅಲಿಫ್. ಒಂದು ಸುತ್ತು ಕನ್ನಡ, ಒಂದು ಸುತ್ತು ದಖನಿ. ಗಿಟಾರು ಇಲ್ಲ, ಕೊಳಲು ಇಲ್ಲ, ಕಹೋನ್ ಹಲಗೆ ಮೇಲೆ ಅಂಗೈ ಇಟ್ಟು ಬರೀ ಉಜ್ಜೋದು, ಗರ್ ಗರ್ ಅಂತ ಕಲ್ಲಿನ ಸದ್ದೇ. ಯಾರೂ ಅರ್ಥ ಹೇಳ್ಲಿಲ್ಲ, ಯಾರೂ ಕೇಳ್ಲೂ ಇಲ್ಲ. ನಮ್ ಮುಂದಿನ ಸಾಲಲ್ಲಿ ಬುರ್ಕಾ ಹಾಕ್ಕೊಂಡಿದ್ದ ಒಬ್ರು ಹೆಂಗಸು ಪಕ್ಕದಲ್ಲಿದ್ದ ಮಗಳಿಗೆ ಕೈ ತಿರುಗಿಸಿ ತೋರಿಸ್ತಿದ್ರು, ನಾನ್ ನೋಡಿದ್ರೆ ಈ ಕಡೆ ನಮ್ಮಮ್ಮನ ಬಲಗೈಯೂ ಸೆರಗಿನ ಒಳಗಿಂದ ತಿರುಗ್ತಾ ಐತೆ.

ನಮ್ಮಮ್ಮನ ತವರು ಮುಳಬಾಗಿಲು ಕಡೆ, ಮನೆ ಮಾತು ತೆಲುಗೇ. ಆದ್ರೆ ಬೀಸೋ ಪದ ಮಾತ್ರ ಅವ್ಳಿಗೆ ಬರೋದು ಕನ್ನಡದ್ದು, ಅತ್ತೆಯಿಂದ ಕಲ್ತಿದ್ದು. ಮಿಲ್ಲು ದೂರ ಇತ್ತು, ಕೋಳಿ ಕೂಗೋಕೆ ಮುಂಚೆ ಎದ್ದು ಅತ್ತೆ ಸೊಸೆ ಇಬ್ರೂ ಎದುರುಬದುರು ಕೂತು ಒಂದೇ ಗೂಟ ಹಿಡ್ಕೊಂಡು ಬೀಸೋದು, ಹಗಲೆಲ್ಲಾ ಜಗಳ ಆಡಿದ್ರೂ ಬೆಳಗ್ಗೆ ಬೀಸೋವಾಗ ಮಾತ್ರ ಒಟ್ಟಿಗೆ ಹಾಡ್ಲೇಬೇಕಿತ್ತಂತೆ, ಇಲ್ಲಾಂದ್ರೆ ಕೈ ಕೂಡಲ್ವಲ್ಲ. ಇದನ್ನ ನಂಗೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳಿರ್ಲಿಲ್ಲ. ಅವತ್ತು ರಾತ್ರಿ ಸ್ಕೂಟರ್ ಮೇಲೆ ಹೇಳಿದ್ಲು.

ಆದ್ರೆ ಹಾಡು ಮುಗಿದ ತಕ್ಷಣ ಅವ್ಳು ಅಂದಿದ್ದು ಬೇರೆ. "ಬಾಗುಂದಿ ನಾಯ್ನಾ (ಚೆನ್ನಾಗೈತೆ ಕಣಪ್ಪ), ಆದ್ರೆ ಜೋರಾಯ್ತು. ಇಷ್ಟು ಜೋರಾಗಿ ತಿರುಗಿಸಿದ್ರೆ ಹಿಟ್ಟು ಬರಲ್ಲ, ನುಚ್ಚು ಬರ್ತದೆ."

ನಾನು ನಗ್ತಾ ಬಿಟ್ಬಿಟ್ಟೆ. ಅವ್ಳು ಬಿಡ್ಲಿಲ್ಲ. ಪ್ರೋಗ್ರಾಂ ಮಧ್ಯ ಹತ್ತು ನಿಮಿಷ ಬಿಡುವು ಕೊಟ್ಟಾಗ ಎದ್ದು ಹೋಗಿ ಆ ಹುಡ್ಗಿ ಮುಂದೆ ನಿಂತ್ಕೊಂಡು "ಅಮ್ಮಣ್ಣಿ, ನೀನ್ ಯಾವತ್ತಾದ್ರೂ ಬೀಸಿದ್ದೀಯಾ?" ಅಂದ್ಲು. ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಆ ಹುಡ್ಗಿ ಒಂಚೂರೂ ಬೇಜಾರ್ ಮಾಡ್ಕೊಳ್ದೆ "ಇಲ್ಲ ಅಮ್ಮ, ರೆಕಾರ್ಡಿಂಗ್ ಕೇಳಿ ಕಲ್ತಿದ್ದು, ನೀವು ತೋರಿಸ್ಕೊಡ್ತೀರಾ" ಅಂತ ಕೆಳಗೇ ಕೂತ್ಕೊಂಡ್ಬಿಟ್ಲು. ಅಮ್ಮ ಎದುರಿಗೆ ಕಾಲು ಚಾಚ್ಕೊಂಡು ಕೂತು, ಎಡಗೈಲಿ ರಾಗಿ ಹಾಕೋದು, ಬಲಗೈಲಿ ತಿರುಗಿಸೋದು, ಎಲ್ಲಿ ಉಸ್ರು ತಗೋಬೇಕು, ಎಲ್ಲಿ ಭಾರ ಬಿಡ್ಬೇಕು ಎಲ್ಲಾ ಇಲ್ದಿರೋ ಕಲ್ಲಲ್ಲೇ ತೋರಿಸಿದ್ಲು. ಕಹೋನ್ ಹುಡುಗ ಬಗ್ಗಿ ನೋಡ್ತಾ ತೊಡೆ ಮೇಲೆ ತಾಳ ಹಾಕ್ಕೊಂಡು ಹಿಡ್ಕೊತಾ ಇದ್ದ. ಬಿಡುವು ಹತ್ತು ನಿಮಿಷ ಅಂದಿದ್ದು ಇಪ್ಪತ್ತೈದಾಯ್ತು, ಈ ತಡ ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲ್ಲ.

ಕೊನೇ ಹಾಡು ಬೇರೆ ಇತ್ತಂತೆ, ಅದನ್ನ ಬಿಟ್ಟು ಬೀಸೋ ಪದಾನೇ ಇನ್ನೊಂದ್ಸಲ ಹಾಡಿದ್ರು, ಈ ಸಲ ನಿಧಾನಕ್ಕೆ, ಅರ್ಧಕ್ಕರ್ಧ ನಿಧಾನಕ್ಕೆ. ಜನಕ್ಕೆ ಬೇಜಾರಾಗುತ್ತೆ ಅನ್ನೋ ಭಯ ಇತ್ತಲ್ಲ ಈ ಹುಡುಗ್ರಿಗೆ, ಒಬ್ರೂ ಎದ್ದು ಹೋಗ್ಲಿಲ್ಲ.

ಈಗ ಹೋಗೋರಿಗೆ ಬೇಕಾಗಿರೋ ವಿಷ್ಯ. ಅಕೌಸ್ಟಿಕ್ ಅಂದ ಮಾತ್ರಕ್ಕೆ ಮೈಕೇ ಇಲ್ಲ ಅಂತಲ್ಲ, ಎರಡು ಮೈಕು ಎರಡು ಸ್ಪೀಕರ್ ಇತ್ತು, ಗಾಳಿ ಬೀಸ್ದಾಗೆಲ್ಲ ಮೈಕಲ್ಲಿ ಬುಸ್ ಬುಸ್ ಅನ್ನೋದು, ಅದಕ್ಕೊಂದು ಸ್ಪಂಜ್ ಟೋಪಿ ಬರುತ್ತೆ, ಏನ್ ದೊಡ್ಡ ಖರ್ಚಲ್ಲ. ಹಿಂದಿನ ಮೂರು ಸಾಲಿಗೆ ಕೊಳಲು ಬಿಟ್ರೆ ಏನೂ ಸರಿಯಾಗಿ ಕೇಳ್ಸಲ್ಲ, ಮುಂದೆ ಕೂತ್ಕೊಳ್ಳಿ. ಗಾಡಿ ನಿಲ್ಲಿಸೋಕೆ ಜಾಗ ಧಾರಾಳವಾಗಿತ್ತು. ಟೀ ಚೆನ್ನಾಗಿತ್ತು, 15 ರೂಪಾಯಿ, ಆದ್ರೆ ತಿನ್ನೋಕೆ ಬಿಸ್ಕತ್ತು ಬಿಟ್ರೆ ಏನೂ ಇಲ್ಲ, ಬೆಟ್ಟದ ಕಡೆ ಚಳೀಲಿ ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ಇಟ್ಟಿದ್ರೆ ಅದೇ ಒಂದು ಕಲೆಕ್ಷನ್ ಆಗಿರೋದು. ಹಾಡಿನ ಸಾಹಿತ್ಯ ಪ್ರಿಂಟ್ ಹಾಕಿ ಕೊಟ್ಟಿದ್ರು, ಎಲ್ಲಾ ಭಾಷೇನೂ ಕನ್ನಡ ಲಿಪೀಲೇ, ಇದು ನಂಗೆ ತುಂಬಾ ಇಷ್ಟ ಆಯ್ತು, ಆದ್ರೆ ಅಕ್ಷರ ಎಷ್ಟು ಚಿಕ್ಕದು ಅಂದ್ರೆ ಆ ನಾಲ್ಕು ಬಲ್ಬಿನ ಬೆಳಕಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಓದ್ಬೇಕಿತ್ತು, ಟಾರ್ಚ್ ಹಾಕಿದ್ರೆ ಹಿಂದಿನೋರು ಬೈಯೋರು.

ಒಟ್ಟು 5ಕ್ಕೆ 3.5 ಕೊಡ್ತೀನಿ. ಭಾಷಣ ಕಡಿಮೆ ಮಾಡಿದ್ರೆ ಅರ್ಧ ಜಾಸ್ತಿ, ತಾತಯ್ಯನೋರ ಪದದಿಂದ ಆ ನಾಲ್ಕು ಕಾರ್ಡ್ ತೆಗೆದ್ರೆ ಇನ್ನರ್ಧ. ಅಮ್ಮನ್ನ ಕೇಳಿದ್ರೆ ಆ ಹುಡ್ಗಿಗೆ ಮಾತ್ರ ಪೂರ್ತಿ ಮಾರ್ಕು, ಉಳ್ದೋರಿಗೆಲ್ಲ ಟೀ ಕೊಡಿಸಿ ಕಳ್ಸು ಅಂತಾಳೆ.

ಇನ್ನೊಂದು. ನಮ್ಮೂರ ದೇವಸ್ಥಾನದ ಜಾತ್ರೆಗೆ ಇವ್ರನ್ನ ಕರೆಸೋಣ ಅಂತ ಅಮ್ಮ ಹಠ ಹಿಡ್ದವ್ಳೆ. ಕೇಳ್ದೆ, ಬಸ್ ಚಾರ್ಜು ಊಟ ಬಿಟ್ಟು 40 ಸಾವಿರ ಅಂದ್ರು, ಐದು ಜನಕ್ಕೆ ನ್ಯಾಯವಾದ ರೇಟೇ. ಕಮಿಟಿಯೋರ ಹತ್ರ ಹೋಗಿ ಹೇಳಿದ್ರೆ, ಅದೇ ದುಡ್ಡಿಗೆ ಆರ್ಕೆಸ್ಟ್ರಾ ಬರುತ್ತೆ, ಡ್ಯಾನ್ಸ್‌ನೋರು ಬೇರೆ ಬರ್ತಾರೆ, ಇವ್ರ ಹತ್ರ ಏನೈತೆ ಅಂದ್ರು. ಒಂದು ಮರದ್ ಡಬ್ಬ ಐತೆ ಅಂದೆ. ಅಧ್ಯಕ್ಷ್ರು ಸ್ವಲ್ಪ ಹೊತ್ತು ನನ್ ಮುಖಾನೇ ನೋಡಿ, "ರೇಟ್ ಒಂದ್ ಹತ್ತು ಇಳಿಸಿ ಕೇಳಪ್ಪ, ಟೊಮ್ಯಾಟೊ ರೇಟ್ ನೋಡ್ಕೊಂಡು ಹೇಳಣ" ಅಂದವ್ರೆ.